ನೋವಿಲ್ಲದೆ ಕುಸಿಯುವ ಕೀಲು

ಕೀಲು ಊದಿಕೊಂಡರೆ ನೋವಿರಲೇಬೇಕೆಂದು ನಾವು ನಂಬಿದ್ದೇವೆ. ಮಧುಮೇಹಿಗಳ ಪಾದದಲ್ಲಿ ಈ ನಂಬಿಕೆ ಕೆಲವೊಮ್ಮೆ ಸುಳ್ಳಾಗುತ್ತದೆ. ಪಾದವು ಕೆಂಪೇರಿ, ಬಾತು, ಮುಟ್ಟಿದರೆ ಬಿಸಿಯಾಗಿರುತ್ತದೆ. ರೋಗಿಯಾದರೋ ಅದರ ಮೇಲೆಯೇ ನಡೆದಾಡುತ್ತಿರುತ್ತಾನೆ.

ಇಂಥ ಸಂಧಿರೋಗವನ್ನು 1868ರಲ್ಲಿ ವರ್ಣಿಸಿದವನು ಪ್ಯಾರಿಸಿನ ವೈದ್ಯ ಷಾರ್ಕೊ. ಅವನು ಕಂಡದ್ದು ಬೆನ್ನುಹುರಿ ಕೆಟ್ಟವರಲ್ಲಿ. ಮಧುಮೇಹದಲ್ಲಿಯೂ ಇದುಂಟೆಂದು 1936ರಲ್ಲಿ ಅಮೆರಿಕದ ಜೋರ್ಡನ್ ತೋರಿಸಿದನು. ಇಂದು ಇದಕ್ಕೆ ಮಧುಮೇಹವೇ ಮುಖ್ಯ ಕಾರಣ.

ನೋವನ್ನು ನಾವು ಶಪಿಸುತ್ತೇವೆ. ಆದರೆ ಅದು ಕೀಲಿನ ಕಾವಲುಗಾರ. ಕಾಲು ಉಳುಕಿದಾಗ ಭಾರವನ್ನು ಇನ್ನೊಂದು ಕಾಲಿಗೆ ಸರಿಸುವಂತೆ ಮಾಡುವುದು ಅದೇ. ಬಹುಕಾಲ ಏರಿ ನಿಂತ ರಕ್ತದ ಸಕ್ಕರೆಯು ಪಾದದ ನರಗಳನ್ನು ಕೆಡಿಸಿದಾಗ ಈ ಕಾವಲು ತಪ್ಪುತ್ತದೆ. ಮೂಳೆಯ ಸಣ್ಣ ಬಿರುಕು ಅರಿವಿಗೇ ಬಾರದು. ಅದರ ಮೇಲೆ ನಡೆದಂತೆಲ್ಲ ಉರಿಯೂತ ಹೆಚ್ಚಿ, ಮೂಳೆ ಮೆತ್ತಗಾಗಿ, ಕೊನೆಗೆ ಪಾದದ ಕಮಾನೇ ಕುಸಿಯುತ್ತದೆ. ಅಲ್ಲಿ ಹುಣ್ಣಾದರೆ ಕಾಲನ್ನು ಕತ್ತರಿಸಬೇಕಾಗಿ ಬರುವುದೂ ಉಂಟು.

ಮೊದಮೊದಲು ಎಕ್ಸ್-ಕಿರಣದ ಚಿತ್ರದಲ್ಲಿ ಏನೂ ಕಾಣದಿರಬಹುದು. ಬರಿಯ ಉಳುಕೆಂದೋ ಸೋಂಕೆಂದೋ ಭಾವಿಸಿ ವಾರಗಟ್ಟಲೆ ಕಳೆಯುವುದು ಇದರಿಂದಲೇ. ಮುಖ್ಯ ಚಿಕಿತ್ಸೆ ಗುಳಿಗೆಯಲ್ಲ, ಭಾರವನ್ನು ಇಳಿಸುವುದು: ಪಾದಕ್ಕೆ ಒತ್ತಿ ಕೂರುವ ಪ್ಲಾಸ್ಟರ್ ಕಟ್ಟನ್ನು ಹಾಕಿ, ಬಾವು ಇಳಿದು ಎರಡೂ ಪಾದಗಳ ಬಿಸುಪು ಸಮನಾಗುವವರೆಗೆ ಹಲವು ತಿಂಗಳು ಕಾಯಬೇಕು.

ಸಕ್ಕರೆ ಹತೋಟಿಯಲ್ಲಿದ್ದರೆ ನರಗಳು ಉಳಿಯುತ್ತವೆ. ಬರಿಗಾಲ ನಡಿಗೆಯನ್ನು ಬಿಡುವುದೂ ಲೇಸು. ಮನೆಯಲ್ಲಿ ಮಧುಮೇಹಿಗಳಾದ ಹಿರಿಯರಿದ್ದರೆ, ರಾತ್ರಿ ಅವರ ಎರಡೂ ಪಾದಗಳನ್ನು ಅಂಗೈಯಿಂದ ಮುಟ್ಟಿ ನೋಡುವ ಕೆಲಸವನ್ನು ವಿದ್ಯಾರ್ಥಿಗಳೇ ವಹಿಸಿಕೊಳ್ಳಬಹುದು. ಒಂದು ಪಾದ ಊದಿ, ಬಿಸಿಯಾಗಿದ್ದರೆ, ಅವರು ನೋವಿಲ್ಲವೆಂದರೂ ನಡೆಯಗೊಡದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.