ಎರಡು ಸೀಟಿನ ವಿಮಾನದ ಲೆಕ್ಕ



ಹೊಸೂರಿನ ಆಚೆ ಬೆಳಗೊಂಡಪಲ್ಲಿಯ ಕಡೆ ಹೋಗಿ ಬಂದವರಿಗೆ ಅಲ್ಲಿನ ರನ್‌ವೇ ಗೊತ್ತು. ಅಂಥ ಕಡೆ ಸಣ್ಣ ವಿಮಾನ ಒಂದು ಮೇಲೆದ್ದರೆ ನಮ್ಮ ಜನ ಕೇಳುವ ಪ್ರಶ್ನೆ ಒಂದೇ. ಕನ್ನಡದಲ್ಲಿ ಕೇಳಲಿ, ತೆಲುಗಿನಲ್ಲಿ ಕೇಳಲಿ, ತಮಿಳಿನಲ್ಲಿ ಕೇಳಲಿ, ಕೇಳುವುದು ಬೆಲೆಯನ್ನೇ. "ಇದಕ್ಕೆ ಎಷ್ಟಾಗುತ್ತೆ ಸ್ವಾಮಿ? ನಮ್ಮಂಥವರು ಕೊಳ್ಳೋ ಹಂಗಿದೆಯಾ?"

ವಿಮಾನ ಹಾರಿಸುವ ವಿದ್ಯೆ ನನಗೆ ಗೊತ್ತಿಲ್ಲ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕಂತು, ಬಡ್ಡಿ, ಸವಕಳಿ ಎಂದರೆ ಮಾತ್ರ ಸ್ವಲ್ಪ ಗೊತ್ತು. ಆ ಗೊತ್ತಿರುವುದನ್ನೇ ಹಿಡಿದುಕೊಂಡು ಇವತ್ತು ನಿಮಗೆ ಈ ಪ್ರಶ್ನೆಯ ಉತ್ತರ ಹೇಳಲು ನೋಡುತ್ತೇನೆ. ಅದಕ್ಕೆ ಅಮೆರಿಕ ದೇಶಕ್ಕೆ ಹೋಗಬೇಕು. ಸಾಧಾರಣ ಸಂಬಳದವರಿಗೂ ಸ್ವಂತ ವಿಮಾನ ಸಿಗುವಂತೆ ಮಾಡುತ್ತೇವೆ ಎಂದು ಸರ್ಕಾರವೂ ಕಂಪನಿಗಳೂ ಸೇರಿ ಹೊರಟದ್ದು ಅಲ್ಲಿ. ಅದು ಏನಾಯಿತು ಎಂಬುದೇ ಇವತ್ತಿನ ವಿಷಯ.

ಮೊದಲು ಹಿಂದಿನ ಕಾಲವನ್ನು ನೋಡೋಣ. 1959ರಲ್ಲಿ ಸೆಸ್ನಾ ಕಂಪನಿಯ 150 ಎಂಬ ಎರಡು ಸೀಟಿನ ವಿಮಾನ ಸುಮಾರು 7,000 ಡಾಲರಿಗೆ ಸಿಗುತ್ತಿತ್ತು. ಆಗ ಅಲ್ಲಿನ ನಡುಮಟ್ಟದ ಕುಟುಂಬದ ವರ್ಷದ ವರಮಾನ ಸುಮಾರು 5,400 ಡಾಲರ್. ಅಂದರೆ ಒಂದೂಕಾಲು ವರ್ಷದ ವರಮಾನಕ್ಕೆ ಒಂದು ಹೊಸ ವಿಮಾನ. ಶಾಲಾ ಮೇಷ್ಟ್ರು, ಅಂಗಡಿಯವರು, ಮಧ್ಯಮ ರೈತರು ಕೊಂಡರು. ಆ ಒಂದು ಮಾದರಿಯೇ ಇಪ್ಪತ್ತು ಸಾವಿರಕ್ಕೂ ಮೇಲೆ ತಯಾರಾಯಿತು. ಪ್ರಯಾಣಿಕರ ದೊಡ್ಡ ವಿಮಾನ, ಸೇನೆಯ ವಿಮಾನ ಬಿಟ್ಟು ಉಳಿದ ಎಲ್ಲ ಬಗೆಯ ಸಣ್ಣ ವಿಮಾನಗಳನ್ನು ಸೇರಿಸಿ 1978ರಲ್ಲಿ ಅಮೆರಿಕದ ಕಾರ್ಖಾನೆಗಳಿಂದ 17,811 ವಿಮಾನಗಳು ಹೊರಬಂದವು. 1994ರಲ್ಲಿ ಎಷ್ಟು ಗೊತ್ತೇ? 928. ಲೆಡ್ಜರಿನಲ್ಲಿ ಇಂಥ ಎರಡು ಅಂಕಿಗಳು ಒಂದರ ಕೆಳಗೊಂದು ಬಂದಿದ್ದರೆ ನಾವು ಒಂದು ಸೊನ್ನೆ ಬಿಟ್ಟುಹೋಗಿದೆ ಎಂದೇ ತಿಳಿಯುತ್ತಿದ್ದೆವು.

ಇದಕ್ಕೆ ಕಾರಣ ಹಲವು. ವಿಮಾನ ಬಿದ್ದಾಗಲೆಲ್ಲ ತಯಾರಿಸಿದ ಕಂಪನಿಯ ಮೇಲೆ ಪರಿಹಾರದ ದಾವೆ, ಅದಕ್ಕೆ ಕಟ್ಟುವ ವಿಮೆಯ ಹೊರೆ, ಅದನ್ನು ಹೊಸ ವಿಮಾನದ ಬೆಲೆಗೇ ಸೇರಿಸುವುದು. ಮೂವತ್ತು ವರ್ಷ ಹಳೆಯ ವಿಮಾನ ಬಿದ್ದರೂ ಕೋರ್ಟಿಗೆ ಎಳೆಯಬಹುದಿತ್ತು. ಇನ್ನೊಂದು ಕಾರಣವೂ ಇದೆ. ವಿಮಾನ ಬೇಗ ಸವೆಯುವ ವಸ್ತುವಲ್ಲ. ಹಿಂದೆ ಮಾಡಿದ ಸಾವಿರಾರು ವಿಮಾನಗಳು ಇನ್ನೂ ಹಾರುತ್ತಲೇ ಇದ್ದು ಹೊಸ ವಿಮಾನಕ್ಕೆ ಪೈಪೋಟಿ ಕೊಟ್ಟವು. 1986ರಲ್ಲಿ ಸೆಸ್ನಾ ತನ್ನ ಒಂಟಿ ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳನ್ನು ಮಾಡುವುದನ್ನೇ ನಿಲ್ಲಿಸಿಬಿಟ್ಟಿತು. 1994ರಲ್ಲಿ ಹೊಸ ಕಾನೂನು ಬಂದು, 18 ವರ್ಷ ದಾಟಿದ ಸಣ್ಣ ವಿಮಾನಕ್ಕೆ ತಯಾರಕರನ್ನು ಸಾಮಾನ್ಯವಾಗಿ ಹೊಣೆ ಮಾಡುವಂತಿಲ್ಲ ಎಂದಾದ ಮೇಲೆ ಆ ಕಂಪನಿ ಮತ್ತೆ ಬಾಗಿಲು ತೆರೆಯಿತು. ಆದರೆ ಹಳೆಯ ಬೆಲೆ ಮರಳಿ ಬರಲಿಲ್ಲ. ಅದರ ನಾಲ್ಕು ಸೀಟಿನ 172 ಈಗ ಹೊಸದು ಬೇಕೆಂದರೆ ನಾಲ್ಕು ಲಕ್ಷ ಡಾಲರಿಗೂ ಮೇಲೆ.

ಈ ಕಷ್ಟಕ್ಕೆ ಪರಿಹಾರವೆಂದು 2004ರ ಸೆಪ್ಟೆಂಬರ್ 1ರಿಂದ ಅಲ್ಲಿನ ವಿಮಾನಯಾನ ಇಲಾಖೆ ಹೊಸ ವರ್ಗವೊಂದನ್ನು ಜಾರಿಗೆ ತಂದಿತು. ಹೆಸರು ಲೈಟ್ ಸ್ಪೋರ್ಟ್ ಏರ್‌ಕ್ರಾಫ್ಟ್. ನಾವು ಹಗುರ ವಿಮಾನ ಎನ್ನೋಣ. ನಿಯಮ ಸರಳ. ಸೀಟು ಎರಡೇ, ಎಂಜಿನ್ ಒಂದೇ. ಜನ, ಪೆಟ್ರೋಲು ಎಲ್ಲ ಸೇರಿ ತೂಕ 600 ಕಿಲೋ ಮೀರಕೂಡದು. ವೇಗ ಗಂಟೆಗೆ ಸುಮಾರು 220 ಕಿಲೋಮೀಟರಿನೊಳಗೆ. ಇಲಾಖೆಯ ದುಬಾರಿ ಪರೀಕ್ಷೆಗಳ ಬದಲು, ತಯಾರಕರೂ ತಜ್ಞರೂ ಕೂಡಿ ಒಪ್ಪಿದ ಮಾನದಂಡಕ್ಕೆ ತಕ್ಕಂತೆ ಮಾಡಿದ್ದೇವೆ ಎಂದು ಕಂಪನಿಯೇ ಬರೆದುಕೊಟ್ಟರೆ ಸಾಕು. ಇದರಿಂದ ಕಂಪನಿಗೆ ಬಹಳ ಹಣ ಉಳಿಯಿತು.

ಕಲಿಯುವವರಿಗೂ ರಿಯಾಯಿತಿ ಸಿಕ್ಕಿತು. ಖಾಸಗಿ ಪೈಲಟ್ ಲೈಸೆನ್ಸಿಗೆ ಕಡಿಮೆಯೆಂದರೆ 40 ಗಂಟೆ ಹಾರಾಟ ಬೇಕಾದರೆ, ಸ್ಪೋರ್ಟ್ ಪೈಲಟ್ ಲೈಸೆನ್ಸಿಗೆ 20 ಗಂಟೆ. ವೈದ್ಯರ ಪ್ರಮಾಣಪತ್ರದ ಬದಲು ಕಾರಿನ ಡ್ರೈವಿಂಗ್ ಲೈಸೆನ್ಸ್ ತೋರಿಸಿದರೂ ನಡೆಯುತ್ತದೆ. ಇದರಲ್ಲಿ ಒಂದು ತಮಾಷೆ ಇದೆ. ಹಿಂದಿನ ಅರ್ಜಿಯನ್ನು ವೈದ್ಯರು ತಿರಸ್ಕರಿಸಿದ್ದರೆ ಈ ಸವಲತ್ತಿಲ್ಲ, ಅರ್ಜಿಯನ್ನೇ ಹಾಕದೆ ಸುಮ್ಮನಿದ್ದವರಿಗೆ ಉಂಟು. ಹಾಗಾಗಿ ಬಿ.ಪಿ., ಸಕ್ಕರೆ ಇದ್ದ ಹಿರಿಯ ಖಾಸಗಿ ಪೈಲಟ್ಟುಗಳು ಆ ಡಾಕ್ಟರ ಬಾಗಿಲಿಗೆ ಹೋಗುವುದನ್ನೇ ಬಿಟ್ಟು ಹಗುರ ವಿಮಾನದ ಕಡೆ ತಿರುಗಿದರು. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಈಗ ಸೆಸ್ನಾದ ಸ್ಕೈಕ್ಯಾಚರ್ ಕಥೆಗೆ ಬರುತ್ತೇನೆ. ಅಮೆರಿಕದ ಆಷ್‌ಕಾಷ್ ಎಂಬ ಊರಿನಲ್ಲಿ ವರ್ಷಕ್ಕೊಮ್ಮೆ ವಿಮಾನಗಳ ಜಾತ್ರೆ ಸೇರುತ್ತದೆ. ನಮ್ಮ ದನಗಳ ಜಾತ್ರೆ ಇದ್ದ ಹಾಗೆ, ಕೊಳ್ಳುವವರಿಗಿಂತ ಹಲ್ಲು ಎಣಿಸಿ ನೋಡಿ ಹೋಗುವವರೇ ಹೆಚ್ಚು. 2007ರ ಜುಲೈನಲ್ಲಿ ಅಲ್ಲಿ ಸೆಸ್ನಾ ತನ್ನ ಹೊಸ ಹಗುರ ವಿಮಾನಕ್ಕೆ 1,09,500 ಡಾಲರ್ ಬೆಲೆ ಸಾರಿತು. ಅಷ್ಟು ದೊಡ್ಡ ಹೆಸರಿನ ಕಂಪನಿ, ಅಷ್ಟು ಕಡಿಮೆ ಬೆಲೆ. ಕೆಲವೇ ತಿಂಗಳಲ್ಲಿ ಸಾವಿರದಷ್ಟು ಆರ್ಡರು ಬಂದುಬಿದ್ದವು. ಬೆಲೆ ಇಳಿಸಲೆಂದು ತಯಾರಿಕೆಯನ್ನು ಚೀನಾದ ಶೆನ್ಯಾಂಗ್ ನಗರದ ಕಾರ್ಖಾನೆಗೆ ವಹಿಸಿದರು.

ಆಮೇಲೆ ಒಂದೊಂದೇ ತೊಡಕು. 2008ರ ಸೆಪ್ಟೆಂಬರಿನಲ್ಲಿ ಪರೀಕ್ಷೆಯ ವಿಮಾನ ಒಂದು ಸುಳಿಗೆ ಸಿಕ್ಕಂತೆ ಸುತ್ತುತ್ತ ಬಿತ್ತು. 2009ರ ಮಾರ್ಚಿನಲ್ಲಿ ಇನ್ನೊಂದು ಬಿತ್ತು. ಎರಡರಲ್ಲೂ ಪೈಲಟ್ ಬದುಕಿದರು. ಬಾಲವನ್ನು ತಿದ್ದಬೇಕಾಯಿತು. ತಿದ್ದಿದರೆ ಖರ್ಚು, ತಡವಾದರೆ ಖರ್ಚು. ಅಷ್ಟರಲ್ಲಿ ಅಮೆರಿಕದ ಬ್ಯಾಂಕುಗಳೇ ಕುಸಿದು, ಮನೆಯ ಮೇಲೆ ಸಾಲ ತೆಗೆದು ವಿಮಾನ ಕೊಳ್ಳುವ ದಾರಿ ಮುಚ್ಚಿತು. 2011ರಲ್ಲಿ ಸೆಸ್ನಾ ಬೆಲೆಯನ್ನು 1,49,900 ಡಾಲರಿಗೆ ಏರಿಸಿತು. ಮುಂಗಡ ಕೊಟ್ಟು ಕಾದಿದ್ದವರು ಹಿಂದೆ ಸರಿದರು.

ಒಂದು ಮೂಲದ ತೊಂದರೆಯೂ ಇತ್ತು. ಖಾಲಿ ವಿಮಾನದ ತೂಕವೇ 378 ಕಿಲೋ. ಮಿತಿ 600. ಉಳಿದದ್ದು 222. ಟ್ಯಾಂಕು ತುಂಬಿದರೆ ಪೆಟ್ರೋಲು 65 ಕಿಲೋ. ಮತ್ತೆ ಉಳಿದದ್ದು ಸುಮಾರು 157. ಇಬ್ಬರು ದಷ್ಟಪುಷ್ಟ ಗಂಡಸರು ಕೂತರೆ ಕೈಚೀಲಕ್ಕೂ ಜಾಗವಿಲ್ಲ! ಕಲಿಸುವ ಮೇಷ್ಟ್ರೂ ಕಲಿಯುವ ಶಿಷ್ಯನೂ ಇಬ್ಬರೂ ತೆಳ್ಳಗಿರಬೇಕು, ಇಲ್ಲವೇ ಟ್ಯಾಂಕು ಅರ್ಧ ಇರಬೇಕು.

2014ರ ಆರಂಭದಲ್ಲಿ ಸ್ಕೈಕ್ಯಾಚರ್ ಕಂಪನಿಯ ಪಟ್ಟಿಯಿಂದಲೇ ಹೋಯಿತು. ಮಾರಾಟವಾದದ್ದು ಇನ್ನೂರಕ್ಕೂ ಕಡಿಮೆ. ಮಾರಾಟವಾಗದೆ ಉಳಿದ ಸುಮಾರು 80 ವಿಮಾನಗಳನ್ನು 2016ರಲ್ಲಿ ಗುಜರಿಗೆ ಹಾಕಿದರು. ಒಮ್ಮೆಯೂ ಗಿರಾಕಿಯ ಕೈ ಸೇರದ ಹೊಸ ವಿಮಾನಗಳು!

ಇದೊಂದೇ ಕಂಪನಿ ಎಂದುಕೊಳ್ಳಬೇಡಿ. ಪೈಪರ್ ಕಂಪನಿ 2010ರಲ್ಲಿ ಚೆಕ್ ದೇಶದ ವಿಮಾನವೊಂದಕ್ಕೆ ತನ್ನ ಹೆಸರು ಹಾಕಿ 1,19,900 ಡಾಲರಿಗೆ ಮಾರಲು ಹೊರಟು, ಒಂದೇ ವರ್ಷದಲ್ಲಿ ಕೈಬಿಟ್ಟಿತು. ನೀರಿನ ಮೇಲೂ ಇಳಿಯುವ ಐಕಾನ್ ಎ5 ಎಂಬುದಕ್ಕೆ 2008ರಲ್ಲಿ ಹೇಳಿದ ಬೆಲೆ 1,39,000. 2017ರಲ್ಲಿ ಎಲ್ಲ ಸಲಕರಣೆ ಸೇರಿ 3,89,000. 2024ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು.

ಹಾಗಾದರೆ ನಿಯಮ ಸಡಿಲವಾದರೂ ಬೆಲೆ ಯಾಕೆ ಇಳಿಯಲಿಲ್ಲ? ಹಗುರ ವಿಮಾನಗಳಲ್ಲಿ ಬಹುಪಾಲು ಜರ್ಮನಿ, ಇಟಲಿ, ಚೆಕ್ ದೇಶಗಳಿಂದ ಬಂದವು. ಹೆಚ್ಚಿನವುಗಳ ಎಂಜಿನ್ ಆಸ್ಟ್ರಿಯಾದ ರೋಟಾಕ್ಸ್. ಎಂಜಿನ್ ಒಂದಕ್ಕೇ ಇಪ್ಪತ್ತು ಸಾವಿರ ಡಾಲರ್ ದಾಟುತ್ತದೆ. 2004ರಲ್ಲಿ ಒಂದು ಯೂರೋಗೆ ಸುಮಾರು 1.22 ಡಾಲರ್ ಇದ್ದದ್ದು 2008ರ ಬೇಸಿಗೆಯಲ್ಲಿ 1.60ರ ಹತ್ತಿರ ಹೋಯಿತು. ಕಾರ್ಖಾನೆಯವನು ಒಂದು ಪೈಸೆ ಏರಿಸದಿದ್ದರೂ ಗಿರಾಕಿಗೆ ಮೂರನೆಯ ಒಂದು ಭಾಗ ಹೆಚ್ಚಾಯಿತು.

ಆದರೆ ದೊಡ್ಡ ಕಾರಣ ಸಂಖ್ಯೆ. ಅಚ್ಚು, ನಕ್ಷೆ, ಪರೀಕ್ಷೆ, ವಿಮೆ, ಇವುಗಳ ಖರ್ಚು ಹತ್ತು ವಿಮಾನಕ್ಕೂ ಅಷ್ಟೇ, ಹತ್ತು ಸಾವಿರ ವಿಮಾನಕ್ಕೂ ಹೆಚ್ಚುಕಡಿಮೆ ಅಷ್ಟೇ. ಹೆಚ್ಚು ಮಾಡಿದರೆ ಹಂಚಿಹೋಗುತ್ತದೆ, ಕಡಿಮೆ ಮಾಡಿದರೆ ಕೊಂಡವನ ತಲೆಯ ಮೇಲೆ ಕೂರುತ್ತದೆ. ಬೆಲೆ ಹೆಚ್ಚಿದ್ದರಿಂದ ಕೊಳ್ಳುವವರಿಲ್ಲ, ಕೊಳ್ಳುವವರಿಲ್ಲದ್ದರಿಂದ ಬೆಲೆ ಹೆಚ್ಚು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯಂತೆ. ಅದರ ಮೇಲೆ ಕೊಂಡವರು ಯಾರು? ನೆನಪಿಡಿ ಎಂದೆನಲ್ಲ, ಆ ಹಿರಿಯ ಪೈಲಟ್ಟುಗಳು. ಮಕ್ಕಳ ಓದು, ಮನೆ ಸಾಲ ಎಲ್ಲ ಮುಗಿಸಿ ಕೈಯಲ್ಲಿ ಕಾಸಿದ್ದವರು. ಅವರಿಗೆ ಬೋಳು ವಿಮಾನ ಹಿಡಿಸಲಿಲ್ಲ. ಬಣ್ಣದ ಪರದೆ, ತಾನೇ ದಾರಿ ಹಿಡಿಯುವ ಆಟೋಪೈಲಟ್, ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಎಲ್ಲ ಬೇಕೆಂದರು. ಕಂಪನಿಗಳೂ ಅದನ್ನೇ ಮಾಡಿ ಮಾರಿದವು. ಇಪ್ಪತ್ತೈದರ ಹುಡುಗನಿಗೆಂದು ಹೊರಟದ್ದು ಅರವತ್ತೈದರ ಹಿರಿಯರಿಗಾಗಿ ಸಿಂಗಾರಗೊಂಡಿತು. ನನ್ನ ವಯಸ್ಸಿನವರನ್ನೇ ದೂರುತ್ತಿದ್ದೇನೆ, ಆದರೆ ಲೆಕ್ಕ ಹಾಗೆ ಹೇಳುತ್ತದೆ. 2017ರಲ್ಲಿ ಇನ್ನೊಂದು ನಿಯಮ ಬಂದು, ಹಳೆಯ ದೊಡ್ಡ ವಿಮಾನಗಳನ್ನೂ ಸುಲಭದ ವೈದ್ಯಕೀಯ ತಪಾಸಣೆಯ ಮೇಲೆ ಹಾರಿಸಬಹುದೆಂದಾಯಿತು. ಆಗ ಹಿರಿಯರಲ್ಲೂ ಹಲವರು ಹಿಂದಿರುಗಿದರು.

ಈಗ ಹೊಸ ಹಗುರ ವಿಮಾನಕ್ಕೆ ಒಂದೂವರೆಯಿಂದ ಎರಡು ಲಕ್ಷ ಡಾಲರ್, ಕೆಲವಕ್ಕೆ ಅದಕ್ಕೂ ಮೇಲೆ. ಅಲ್ಲಿನ ನಡುಮಟ್ಟದ ಕುಟುಂಬದ ವರಮಾನ ಸುಮಾರು ಒಂದು ಲಕ್ಷ. 1959ರ ಒಂದೂಕಾಲು ವರ್ಷ ಈಗ ಎರಡು ವರ್ಷದ ಹತ್ತಿರ ಬಂದಿದೆ.

ಆದರೆ ಬೆಲೆಯ ಚೀಟಿ ನೋಡಿ ಹೆದರುವುದಾಗಲಿ ಹಿಗ್ಗುವುದಾಗಲಿ ತಪ್ಪು. ಟ್ರ್ಯಾಕ್ಟರ್ ಸಾಲದ ಅರ್ಜಿ ಬಂದಾಗ ಬ್ಯಾಂಕಿನಲ್ಲಿ ಕೇಳುತ್ತಿದ್ದ ಪ್ರಶ್ನೆ, ವರ್ಷಕ್ಕೆ ಸಾವಿರ ಗಂಟೆ ಕೆಲಸ ಇದೆಯೇ ಎಂಬುದು. ಸ್ವಂತ ಹೊಲ ಸಾಲದಿದ್ದರೆ ಬಾಡಿಗೆಗೆ ಓಡಿಸುತ್ತೀರಾ? ಶೆಡ್ಡಿನಲ್ಲಿ ನಿಂತ ಟ್ರ್ಯಾಕ್ಟರಿಗೂ ಬಡ್ಡಿ ಓಡುತ್ತಲೇ ಇರುತ್ತದೆ. ವಿಮಾನಕ್ಕೂ ಇದೇ ಲೆಕ್ಕ.

ಉದಾಹರಣೆಗೆ ಹೀಗೆ ಹಿಡಿಯೋಣ. ಬೆಲೆ 1,80,000. ಕೈಯಿಂದ 40,000 ಹಾಕಿ, ಉಳಿದ 1,40,000ಕ್ಕೆ ನೂರಕ್ಕೆ ಎಂಟರ ಬಡ್ಡಿ, ಇಪ್ಪತ್ತು ವರ್ಷ. ತಿಂಗಳ ಕಂತು ಸುಮಾರು 1,170, ವರ್ಷಕ್ಕೆ 14,000. ನಿಲ್ಲಿಸುವ ಶೆಡ್ಡಿನ ಬಾಡಿಗೆ ತಿಂಗಳಿಗೆ 300 ಎಂದರೂ ವರ್ಷಕ್ಕೆ 3,600. ವಿಮೆ 2,500. ವರ್ಷದ ತಪಾಸಣೆ, ರಿಪೇರಿ 2,000. ಒಟ್ಟು 22,000ದ ಮೇಲೆ. ಒಂದು ಗಂಟೆಯೂ ಹಾರದಿದ್ದರೂ ಇದು ಕಟ್ಟಲೇಬೇಕು. ಕೆಲಸಕ್ಕೆ ಹೋಗುವ ಮನುಷ್ಯ ವರ್ಷಕ್ಕೆ 50 ಗಂಟೆ ಹಾರಿದರೆ ಗಂಟೆಗೆ 440 ಡಾಲರ್. ಪೆಟ್ರೋಲು ಗಂಟೆಗೆ ಹದಿನೆಂಟು ಲೀಟರಿನಷ್ಟು, ಅದು 25 ಡಾಲರ್ ಇರಬಹುದು. ನೋಡಿ, ಪೆಟ್ರೋಲು ಇಲ್ಲಿ ಲೆಕ್ಕಕ್ಕೇ ಇಲ್ಲ! ನಾವೆಲ್ಲ ಮೊದಲು ಕೇಳುವುದು "ಮೈಲೇಜ್ ಎಷ್ಟು" ಎಂದು. ಅದೇ 50 ಗಂಟೆಯನ್ನು ಶಾಲೆಯ ವಿಮಾನ ಬಾಡಿಗೆಗೆ ಪಡೆದು ಹಾರಿದರೆ ಇದರ ಅರ್ಧಕ್ಕಿಂತ ಕಡಿಮೆಯಲ್ಲಿ ಮುಗಿಯುತ್ತದೆ.

ಬಾಡಿಗೆ ಬೇಡ, ಸ್ವಂತದ್ದೇ ಬೇಕೆನ್ನುವವರಿಗೆ ಮೂರು ದಾರಿ. ಐವತ್ತು ವರ್ಷ ದಾಟಿದ ಹಳೆಯ ಸೆಸ್ನಾ ಕೊಳ್ಳಬಹುದು, ಬೆಲೆ ಹೊಸದರ ಕಾಲುಭಾಗದ ಆಸುಪಾಸು, ಆದರೆ ರಿಪೇರಿ ಯಾವಾಗ ಎಷ್ಟು ಬರುತ್ತದೆಂದು ಹೇಳಲಾಗದು. ಬಿಡಿಭಾಗಗಳ ಕಿಟ್ ತರಿಸಿ ತಾನೇ ಜೋಡಿಸಬಹುದು, ಹಣ ಉಳಿಯುತ್ತದೆ, ಕೆಲವು ವರ್ಷಗಳ ಸಂಜೆಗಳು ಹೋಗುತ್ತವೆ. ಮೂರನೆಯದು ಪಾಲು. ಅದನ್ನು ಕಡೆಗೆ ಹೇಳುತ್ತೇನೆ.

2025ರ ಜುಲೈ 22ರಂದು ಅದೇ ಆಷ್‌ಕಾಷ್ ಜಾತ್ರೆಯಲ್ಲಿ ಅಮೆರಿಕ ಸರ್ಕಾರ ನಿಯಮವನ್ನು ಮತ್ತೆ ಬದಲಿಸಿತು. 600 ಕಿಲೋ ಮಿತಿ ಹೋಯಿತು. ಎಷ್ಟು ನಿಧಾನವಾದರೂ ಬೀಳದೆ ಹಾರುತ್ತದೆ ಎಂಬುದೇ ಮುಖ್ಯ ಅಳತೆಯಾಯಿತು. ಪೈಲಟ್ಟುಗಳಿಗೆ ಇದು 2025ರ ಅಕ್ಟೋಬರ್ 22ರಿಂದ ಜಾರಿ, ಹೊಸ ವಿಮಾನಗಳ ತಯಾರಿಕೆಗೆ 2026ರ ಜುಲೈ 24 ಎಂದು ದಿನ ಗೊತ್ತುಮಾಡಿದರು. ಸ್ಪೋರ್ಟ್ ಪೈಲಟ್ ನಾಲ್ಕು ಸೀಟಿನದನ್ನೂ ಹಾರಿಸಬಹುದು, ಕೂರಿಸಿಕೊಳ್ಳುವುದು ಮಾತ್ರ ಒಬ್ಬರನ್ನೇ. ಇದರಿಂದ ವಿಮಾನ ಗಟ್ಟಿಯಾಗುತ್ತದೆ, ಟ್ಯಾಂಕು ತುಂಬಿಸಬಹುದು. ಬೆಲೆ ಇಳಿಯುತ್ತದೆಂದು ನಾನು ನಂಬುವುದಿಲ್ಲ. ಭಾರ ಹೆಚ್ಚಿದ ವಿಮಾನಕ್ಕೆ ಸಾಮಾನೂ ಹೆಚ್ಚು ಬೇಕಲ್ಲ.

ನಮ್ಮ ಕಡೆಯ ಸಂಗತಿಯೂ ಇದೇ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು ರೂಪಿಸಿದ ಹಂಸ ಎಂಬ ಎರಡು ಸೀಟಿನ ವಿಮಾನ 1993ರಲ್ಲಿ ಮೊದಲು ಹಾರಿತು. ಅದರ ಎಂಜಿನ್ನೂ ರೋಟಾಕ್ಸೇ. ಅದನ್ನು ಕಟ್ಟಿದ್ದರಲ್ಲಿ ಬೆಳಗೊಂಡಪಲ್ಲಿಯ ಕಾರ್ಖಾನೆಗೂ ಪಾಲಿದೆ. ವಿಮಾನ ಒಳ್ಳೆಯದೇ, ಹಾರಾಟದ ಕ್ಲಬ್ಬುಗಳಿಗೂ ಹೋಯಿತು. ಆದರೆ ತಯಾರಾದದ್ದು ಇಪ್ಪತ್ತನ್ನೂ ಮುಟ್ಟಲಿಲ್ಲ. ಅದರ ಹೊಸ ರೂಪ 2021ರ ಸೆಪ್ಟೆಂಬರಿನಲ್ಲಿ ಹಾರಿದೆ. ಅದರ ಬೆಲೆಯನ್ನೂ ಕಡೆಗೆ ತೀರ್ಮಾನಿಸುವುದು ಎಷ್ಟು ಆರ್ಡರು ಬಂತು ಎಂಬ ಲೆಕ್ಕವೇ.

ಇನ್ನು ಪಾಲಿನ ಮಾತು. ಆ 22,000ವನ್ನು ನಾಲ್ವರು ಹಂಚಿಕೊಂಡರೆ ತಲೆಗೆ 5,500. ಮೊದಲು ಹಾಕುವ ಹಣವೂ ಹತ್ತು ಹತ್ತು ಸಾವಿರ. ಒಬ್ಬೊಬ್ಬರೂ ವರ್ಷಕ್ಕೆ 50 ಗಂಟೆ ಹಾರಿದರೆ ಗಂಟೆಗೆ 110, ಮೇಲೆ ಪೆಟ್ರೋಲು, ಓಟ ಹೆಚ್ಚಾದದ್ದಕ್ಕೆ ಇನ್ನಷ್ಟು ರಿಪೇರಿ. ಎಷ್ಟೋ ಖಾಸಗಿ ಪೈಲಟ್ಟುಗಳು ಹೀಗೆಯೇ ಮಾಡಿಕೊಂಡಿದ್ದಾರೆ. ಕರಾರಿನಲ್ಲಿ ಒಬ್ಬ ಬಿಟ್ಟುಹೋದರೆ ಪಾಲನ್ನು ಯಾರಿಗೆ ಮಾರಬೇಕು, ಒಬ್ಬನ ಕೈಯಲ್ಲಿ ಪೆಟ್ಟಾದರೆ ವಿಮೆ ಕೊಡದ ಹಣ ಯಾರು ಕಟ್ಟಬೇಕು ಎಂಬುದನ್ನು ಮೊದಲೇ ಬರೆದಿಡಬೇಕು. ನಾಲ್ಕು ಮನೆಯ ಒಂದು ಬಾವಿಗೆ ಮೋಟರಿನ ಪಾಳಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಜಗಳ ರಾತ್ರಿಯ ಕರೆಂಟಿಗೆ, ಇಲ್ಲಿ ಮೋಡವಿಲ್ಲದ ಭಾನುವಾರದ ಬೆಳಗಿಗೆ.