ಬಿದ್ದವರದ್ದೇ ಕೋಟೆ

ನಮ್ಮ ಅಜ್ಜಿಗೆ ಹಿಂದಿ ಬರುತ್ತಿರಲಿಲ್ಲ. ಜಪಾನಿ ಭಾಷೆಯ ಮಾತು ದೂರವೇ ಉಳಿಯಿತು. ಆದರೂ ಪುತ್ತೂರಿನ ಹತ್ತಿರದ ನಮ್ಮ ಮನೆಯಲ್ಲಿ ಪೋಗೊ ಚಾನೆಲ್ಲಿನ ‘ಟಕೇಶಿಸ್ ಕ್ಯಾಸಲ್’ ಶುರುವಾಯಿತೆಂದರೆ ಅಜ್ಜಿ ಅಡಿಕೆ ಸುಲಿಯುವುದನ್ನು ಅರ್ಧಕ್ಕೆ ಬಿಟ್ಟು ಒಳಗೆ ಬರುತ್ತಿದ್ದರು. ಕೊಳದ ಕಲ್ಲುಗಳ ಮೇಲೆ ಒಬ್ಬ ಓಡಬೇಕು. ಕೆಲವು ಕಲ್ಲು ಗಟ್ಟಿ, ಕೆಲವು ಬರೀ ತೇಲುವಂಥವು. ಯಾವುದು ಯಾವುದೆಂದು ಕಾಲಿಟ್ಟ ಮೇಲೆಯೇ ಗೊತ್ತಾಗುವುದು. ಅವನು ಗುಡುಮ್ಮನೆ ನೀರಿಗೆ ಬಿದ್ದರೆ ಅಜ್ಜಿ “ಅಯ್ಯೋ, ಬಿದ್ದ ಮಾರಾಯಾ!” ಎಂದು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಆಗ ನಾನು ಆರನೇ ಕ್ಲಾಸಿನಲ್ಲಿದ್ದೆ.

ನಾವು ನೋಡುತ್ತಿದ್ದ ಆ ಆಟ ಆ ಹೊತ್ತಿಗೆ ಸುಮಾರು ಇಪ್ಪತ್ತು ವರ್ಷ ಹಳೆಯದಾಗಿತ್ತು. ಜಪಾನಿನ ಟಿಬಿಎಸ್ ವಾಹಿನಿ ಅದನ್ನು 1986ರ ಮೇ ತಿಂಗಳಲ್ಲಿ ಶುರುಮಾಡಿ 1989ರಲ್ಲಿ ಮುಗಿಸಿತ್ತು. ಯೊಕೊಹಾಮಾದ ಮಿದೊರಿಯಾಮಾ ಸ್ಟುಡಿಯೋದ ಬಯಲಿನಲ್ಲಿ ಕೊಳ ತೋಡಿ, ಗೋಡೆ ಕಟ್ಟಿ, ಒಂದು ಕೋಟೆಯನ್ನೇ ಎಬ್ಬಿಸಿದ್ದರು. ಕೋಟೆಯ ದೊರೆ ಟಕೇಶಿ ಕಿಟಾನೊ. ದಾಳಿಗೆ ಬರುವ ನೂರಕ್ಕೂ ಮಿಕ್ಕಿದ ಜನಸಾಮಾನ್ಯರ ಸೇನಾಪತಿ ನಟ ಹಯಾಟೊ ತಾನಿ. ಒಂದೊಂದು ಹಂತದಲ್ಲೂ ಜನ ಕಳಚಿಕೊಳ್ಳುತ್ತಿದ್ದರು. ಸಾಲುಸಾಲು ಬಾಗಿಲುಗಳಿಗೆ ಓಡಿ ಡಿಕ್ಕಿ ಹೊಡೆಯಬೇಕು, ಕೆಲವು ಕಾಗದದವು, ಕೆಲವು ಗಟ್ಟಿ. ಜೇನುಗೂಡಿನಂಥ ಆರು ಮೂಲೆಯ ಕೋಣೆಗಳಲ್ಲಿ ಮುಖಕ್ಕೆ ಬಣ್ಣ ಬಳಿದ ಕಾವಲುಗಾರರಿಂದ ತಪ್ಪಿಸಿಕೊಳ್ಳಬೇಕು. ತೂಗುವ ಹಗ್ಗದ ಸೇತುವೆಯ ಮೇಲೆ ಕೈಯಲ್ಲೊಂದು ಚೆಂಡು ಹಿಡಿದು ನಡೆಯುವಾಗ ಬದಿಯಿಂದ ಫಿರಂಗಿಗಳು ಬೇರೆ ಚೆಂಡು ಹಾರಿಸುತ್ತವೆ. ಕೊನೆಗೆ ಉಳಿದ ನಾಲ್ಕಾರು ಮಂದಿ ಪುಟ್ಟ ಗಾಡಿಗಳಲ್ಲಿ ಕುಳಿತು, ನೀರಿನ ಪಿಸ್ತೂಲಿನಿಂದ ದೊರೆಯ ಗಾಡಿಯ ಕಾಗದದ ಗುರಿಯನ್ನು ಹರಿಯಬೇಕು. ಗೆದ್ದರೆ ಹತ್ತು ಲಕ್ಷ ಯೆನ್. ಗೆದ್ದವರು ಬಹಳ ಕಡಿಮೆ. ಆ ಆಟ ನಡೆದದ್ದು ಸೋತವರಿಂದ.

ಕಿಟಾನೊ ಬಗ್ಗೆ ಒಂದು ಮಾತು ಹೇಳಲೇಬೇಕು. ಮೂಲದಲ್ಲಿ ಆತ ವೇದಿಕೆಯ ಹಾಸ್ಯಗಾರ. 1986ರ ಡಿಸೆಂಬರಿನಲ್ಲಿ ತನ್ನ ಶಿಷ್ಯರೊಂದಿಗೆ ಒಂದು ವಾರಪತ್ರಿಕೆಯ ಕಚೇರಿಗೆ ನುಗ್ಗಿ ಗಲಾಟೆ ಮಾಡಿ ಬಂಧನಕ್ಕೊಳಗಾದ, ಕೆಲವು ತಿಂಗಳು ಟಿವಿಯಿಂದ ದೂರವುಳಿಯಬೇಕಾಯಿತು. ಆ ಅವಧಿಯ ಕಂತುಗಳಲ್ಲಿ ದೊರೆಯ ಜಾಗದಲ್ಲಿ ಅವನದೇ ಮುಖದ ದೊಡ್ಡ ಕಾಗದದ ತಲೆ ಹೊತ್ತ ಬದಲಿ ದೊರೆ ಕಾಣಿಸಿಕೊಳ್ಳುತ್ತಾನೆ. ಇದೇ ಮನುಷ್ಯ ಮುಂದೆ ನಿರ್ದೇಶಿಸಿದ ‘ಹಾನಾ-ಬಿ’ ಚಿತ್ರಕ್ಕೆ 1997ರಲ್ಲಿ ವೆನಿಸ್ ಚಿತ್ರೋತ್ಸವದ ಚಿನ್ನದ ಸಿಂಹ ಬಂತು. ಕಾಲೇಜಿನಲ್ಲಿ ಆ ಚಿತ್ರ ನೋಡಿದ ದಿನ ನನಗೆ ನಂಬಲಿಕ್ಕೇ ಆಗಲಿಲ್ಲ. ಆ ಮೌನದ ಮುಖದ ಹಿಂದೆ ನಮ್ಮ ಕೋಟೆಯ ದೊರೆ ಇದ್ದ!

ಹೊಸ ಕೋಟೆ ಎದ್ದದ್ದು 2023ರಲ್ಲಿ. ಏಪ್ರಿಲಿನಲ್ಲಿ ಪ್ರೈಮ್ ವಿಡಿಯೋ ಅದನ್ನು ಜಪಾನಿನಲ್ಲಿ ಬಿಡುಗಡೆ ಮಾಡಿತು, ಎಂಟು ಕಂತು. ನವೆಂಬರಿನಲ್ಲಿ ಭಾರತಕ್ಕೆ ಬಂತು. ನನ್ನ ಮಗನಿಗೆ ಆಗ ಎಂಟು ವರ್ಷ. ಅವನಿಗೆ ಈ ಆಟ ಹೊಸದೇನಲ್ಲ ಅನ್ನಿಸಿತು. 2020ರಲ್ಲಿ ಬಂದ ‘ಫಾಲ್ ಗೈಸ್’ ಎಂಬ ವಿಡಿಯೋ ಗೇಮನ್ನು ಅವನು ಆಡಿದ್ದ, ಅದನ್ನು ಮಾಡಿದವರೇ ಟಕೇಶಿಯ ಕೋಟೆಯಿಂದ ಕಲಿತವರು. ಮೊಮ್ಮಗನನ್ನು ಮೊದಲು ನೋಡಿ ಆಮೇಲೆ ಅಜ್ಜನನ್ನು ಕಂಡ ಹಾಗಾಯಿತು ಅವನಿಗೆ.

ಹೊಸದರಲ್ಲಿ ಕೊಳದ ಕಲ್ಲುಗಳಿವೆ, ಚೆಂಡಿನ ಸೇತುವೆಯೂ ಇದೆ. ಎಲ್ಲವೂ ಹೆಚ್ಚು ಥಳಕು, ಕ್ಯಾಮೆರಾಗಳೂ ಹೆಚ್ಚು. ನನಗೆ ಸಮಾಧಾನ ತಂದ ಸಂಗತಿ ಬೇರೆ: ಕೆಸರು ಕೆಸರಾಗಿಯೇ ಉಳಿದಿದೆ, ಬಿದ್ದವನು ಎದ್ದು ತಾನೇ ನಗುತ್ತಾನೆ. 1997ರಲ್ಲಿ ಶುರುವಾದ ‘ಸಸುಕೆ’ ಎಂಬ ಇನ್ನೊಂದು ಅಡೆತಡೆಯ ಸ್ಪರ್ಧೆಯೂ ಹಳೆಯ ಕೋಟೆ ಇದ್ದ ಮಿದೊರಿಯಾಮಾ ಬಯಲಿನಲ್ಲೇ ನಡೆಯುತ್ತಾ ಬಂದಿದೆ. ಅಲ್ಲಿ ತಿಂಗಳುಗಟ್ಟಲೆ ಕಸರತ್ತು ಮಾಡಿದ ಮೈಕಟ್ಟಿನವರು ಬರುತ್ತಾರೆ, ಬಿದ್ದರೆ ಅಳುತ್ತಾರೆ. ಅದಕ್ಕೂ ನನ್ನ ಗೌರವವಿದೆ. ಆದರೆ ಮಕ್ಕಳಿಗೆ ಮೊದಲು ತೋರಿಸಬೇಕಾದದ್ದು ಟಕೇಶಿಯ ಕೋಟೆಯನ್ನೇ ಎಂದು ನನ್ನ ಖಚಿತ ಅಭಿಪ್ರಾಯ. ತೊಂಬತ್ತೈದು ಅಂಕಕ್ಕೆ ಮುಖ ಸಣ್ಣ ಮಾಡಿಕೊಂಡು ಮನೆಗೆ ಬರುವ ಮಕ್ಕಳಿವರು.

ಇನ್ನು ದನಿಯ ವಿಚಾರ. ನಮ್ಮ ದೇಶದಲ್ಲಿ ಈ ಆಟದ ಅರ್ಧ ಜೀವ ಇದ್ದದ್ದು ಜಾವೇದ್ ಜಾಫ್ರಿಯ ಹಿಂದಿ ವಿವರಣೆಯಲ್ಲಿ. ಆಟಕ್ಕಿಳಿದ ಜಪಾನಿನ ಗುಮಾಸ್ತನಿಗೆ ಅವರು ನಮ್ಮ ಕಡೆಯ ಹೆಸರಿಡುತ್ತಿದ್ದರು, ಊರೂರಿನ ಧಾಟಿಯಲ್ಲಿ ಮಾತಾಡುತ್ತಿದ್ದರು. 2023ರ ಹಿಂದಿ ಆವೃತ್ತಿಗೆ ಭುವನ್ ಬಾಮ್ ತಮ್ಮ ‘ಟೀಟು ಮಾಮಾ’ ಪಾತ್ರದ ದನಿ ಕೊಟ್ಟಿದ್ದಾರೆ. ಮಗನಿಗೆ ಇಷ್ಟವಾಯಿತು, ನನಗೆ ಜಾಫ್ರಿಯೇ ಬೇಕೆನಿಸಿತು.

ಆದರೆ ಅಜ್ಜಿ ನಕ್ಕದ್ದು ಜಾಫ್ರಿಯ ಮಾತಿಗಲ್ಲ. ನಮ್ಮ ಮನೆಯಲ್ಲಿ ಸೋದರಮಾವ ಇದ್ದರು. ಮಳೆಗಾಲದಲ್ಲಿ ಊರಿನ ಕೆಸರುಗದ್ದೆ ಕ್ರೀಡಾಕೂಟ, ಅಷ್ಟಮಿಗೆ ಮೊಸರುಕುಡಿಕೆ, ಎಲ್ಲದಕ್ಕೂ ಮೈಕ್ ಹಿಡಿಯುವವರು ಅವರೇ. ಟಿವಿಯ ಸೌಂಡ್ ತೆಗೆದು, ಕೈಯಲ್ಲೊಂದು ಲೋಟ ಹಿಡಿದು ಶುರುಮಾಡುತ್ತಿದ್ದರು: “ಇಗೋ ಬಂದರು ನೋಡಿ, ಸೊಸೈಟಿಯ ಕ್ಯಾಷಿಯರ್! ಲೆಕ್ಕ ಸರಿ ಉಂಟು, ಕಾಲು ಸರಿ ಇಲ್ಲ!” ಅಜ್ಜಿ ನಗುತ್ತಿದ್ದದ್ದು ಇದಕ್ಕೆ. ಎಣ್ಣೆ ಬಳಿದ ಅಡಿಕೆ ಮರದ ಕಂಬವನ್ನು ಅರ್ಧ ಹತ್ತಿ ಸರ್ರನೆ ಜಾರಿದ ಹುಡುಗನನ್ನು ನಗಿಸಿ ಮತ್ತೆ ಸಾಲಿಗೆ ಕಳಿಸುವ ವಿದ್ಯೆ ಮಾವನಿಗೆ ಗೊತ್ತಿತ್ತು. ಬಿದ್ದವನಿಗೆ ಅವಮಾನವಾಗದ ಹಾಗೆ ನಗಿಸುವುದು ಸುಲಭದ ಕೆಲಸವಲ್ಲ.

ಆ ದನಿಯನ್ನು ಟಿವಿಯಲ್ಲಿ ನಾವು ಯಾವತ್ತೂ ಕೇಳಲಿಲ್ಲ ಎಂಬ ಕೊರಗು ನನಗಿದೆ. 2009ರಲ್ಲಿ ಚಿಂಟು ಟಿವಿ ಬಂದು ಮಕ್ಕಳ ಕಾರ್ಯಕ್ರಮಗಳು ಕನ್ನಡದಲ್ಲಿ ಮಾತಾಡಿದಾಗ ನಾನು ದೊಡ್ಡವಳಾಗಿಬಿಟ್ಟಿದ್ದೆ, ಆದರೂ ಚಿಕ್ಕಮ್ಮನ ಮಕ್ಕಳ ಜೊತೆ ಕುಳಿತು ನೋಡಿದೆ. ಭಾಷೆ ಕನ್ನಡವೇ, ಆದರೆ ಪುಸ್ತಕದ ಕನ್ನಡ. ನಮ್ಮ ಗದ್ದೆಯ ಬದುವಿನ ಮೇಲೆ ನಿಂತು ಕೂಗುವ ಕನ್ನಡ ಅಲ್ಲಿ ಇರಲಿಲ್ಲ. ಕಂಬಳದ ಕರೆಯ ಪಕ್ಕದಲ್ಲಿ, ಕೆಸರುಗದ್ದೆಯ ಹಗ್ಗಜಗ್ಗಾಟದಲ್ಲಿ, ಕಬಡ್ಡಿ ಅಂಕಣದಲ್ಲಿ ಗಂಟೆಗಟ್ಟಲೆ ಪುಕ್ಕಟೆ ಮಾತಾಡಿ ಜನರನ್ನು ಹಿಡಿದಿಡುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ! ಕೋಟೆ ಕಟ್ಟಲು ಕೋಟಿ ಬೇಕು ನಿಜ. ಉತ್ತ ಗದ್ದೆಗೆ ನೀರು ಬಿಡಲು ಅಷ್ಟೆಲ್ಲ ಬೇಡ.

ಕನ್ನಡ ವಾಹಿನಿಯವರೇ, ಮಕ್ಕಳಿಗೆಂದು ಏನಾದರೂ ಮಾಡುವ ಮನಸ್ಸಿದ್ದರೆ ಒಂದು ಮಳೆಗಾಲ ಕರಾವಳಿಗೆ ಬನ್ನಿ. ಮಕ್ಕಳು ಹಾಡುವುದನ್ನು, ಕುಣಿಯುವುದನ್ನು, ತೀರ್ಪುಗಾರರ ಮುಂದೆ ಕಣ್ಣೀರಿಡುವುದನ್ನು ಸಾಕಷ್ಟು ತೋರಿಸಿದ್ದೀರಿ. ಅವರು ಕೆಸರಿನಲ್ಲಿ ಬಿದ್ದು ನಗುವುದನ್ನೂ ತೋರಿಸಿ. ಮೈಕನ್ನು ಊರಿನವರ ಕೈಗೆ ಕೊಡಿ.

ಕಳೆದ ಅಷ್ಟಮಿಗೆ ಮಗನನ್ನು ಊರಿಗೆ ಕರೆದುಕೊಂಡು ಹೋಗಿದ್ದೆ. ಜಾರುಕಂಬದ ಬುಡದಲ್ಲೇ ಎರಡು ಸಲ ಜಾರಿದ. ಮೈಕ್ ಹಿಡಿದಿದ್ದವರು ಮಾವನೇ.