ಪಂಪನ್ನು ಬೈಯುವ ಮೊದಲು

ಹುಬ್ಬಳ್ಳಿಯ ವಿದ್ಯಾನಗರದಲ್ಲಿ 1947ರಲ್ಲಿ ಶುರುವಾದ ಬಿವಿಬಿ ಎಂಜಿನಿಯರಿಂಗ್ ಕಾಲೇಜು ಈಗ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಪೈಪು ಬಾಗಿಸಿ, ವೆಲ್ಡಿಂಗ್ ಹೊಡೆದು, ತಾವೇ ಕಟ್ಟಿದ ಗಾಡಿಯನ್ನು ಕಚ್ಚಾ ದಾರಿಯ ಬಾಹಾ ಸ್ಪರ್ಧೆಗೆ ಒಯ್ದ ವಿದ್ಯಾರ್ಥಿಗಳು ಇಲ್ಲಿಯವರು. ಬಾಹಾ ಗಾಡಿಯ ಪೆಟ್ರೋಲ್ ಎಂಜಿನ್ ಗಾಳಿಯಲ್ಲೇ ತಣಿಯುತ್ತದೆ, ನೀರಿನ ಉಸಾಬರಿಯಿಲ್ಲ. ಆ ಉಸಾಬರಿ ಬರುವುದು ರೇಸಿಂಗ್ ಮಾದರಿಯ ಕಾರಿಗೆ ಕೈ ಹಾಕಿದಾಗ.

2011ರಲ್ಲಿ ದೇಶದಲ್ಲಿ ವಿದ್ಯಾರ್ಥಿಗಳು ಕಟ್ಟಿದ ಅಂಥ ಕಾರುಗಳ ಸುಪ್ರಾ ಸ್ಪರ್ಧೆ ಆರಂಭವಾಯಿತು. ಮುಂದೆ ಹಲವು ಕಾಲೇಜುಗಳು ಆರಿಸಿಕೊಂಡದ್ದು ಕೆಟಿಎಂ ಡ್ಯೂಕ್ 390 ಬೈಕಿನ 373 ಸಿಸಿ ಎಂಜಿನ್. ಬೈಕಿನಲ್ಲಿ ರೇಡಿಯೇಟರ್ ಎಂಜಿನ್ನಿನ ಮುಂದೆಯೇ ಗಾಳಿಗೆ ಎದೆಯೊಡ್ಡಿ ನಿಂತಿರುತ್ತದೆ. ಕಾರಿನಲ್ಲಿ ಎಂಜಿನ್ ಚಾಲಕನ ಬೆನ್ನಿಗೆ ಹೋಗುತ್ತದೆ, ರೇಡಿಯೇಟರ್ ಪಕ್ಕಕ್ಕೆ ಸರಿಯುತ್ತದೆ, ನಡುವೆ ಉದ್ದನೆಯ ಹೋಸ್. ಅರ್ಧ ತೊಂದರೆ ಅಲ್ಲೇ ಹುಟ್ಟುತ್ತದೆ, ಬೈಗುಳ ಮಾತ್ರ ನೀರು ತಿರುಗಿಸುವ ಪಂಪಿಗೆ.

ಪಂಪು ಇಲ್ಲದೆಯೂ ಕಾರು ಓಡುತ್ತಿದ್ದ ಕಾಲವಿತ್ತು. ಕಾರ್ಲ್ ಬೆಂಜ್‌ನ ಮೊದಲ ಗಾಡಿಯಲ್ಲಿ ನೀರು ಕುದಿದು ಆವಿಯಾಗುತ್ತಿತ್ತು, ಮತ್ತೆ ತುಂಬಿಸಬೇಕಿತ್ತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿಯ ಕಥೆ ಇನ್ನೂ ಸೊಗಸು. ಮೊದಲ ಎರಡೂವರೆ ಸಾವಿರದಷ್ಟು ಕಾರುಗಳಿಗೆ ಪಂಪು ಕೂರಿಸಿದ ಕಂಪನಿ ಆಮೇಲೆ ಅದನ್ನು ತೆಗೆದೇ ಹಾಕಿತು! ಬಿಸಿ ನೀರು ತಾನೇ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ, ಪಂಪೇಕೆ ಎಂಬ ಲೆಕ್ಕ. 1927ರ ಕೊನೆಗೆ ಬಂದ ಮಾಡೆಲ್ ಎ ಪಂಪನ್ನು ವಾಪಸು ತಂದಿತು.

ಅದೇ ಹೊತ್ತಿಗೆ, 1926ರಲ್ಲಿ, ಕಿರ್ಲೋಸ್ಕರ್ ಕಂಪನಿ ಸೆಂಟ್ರಿಫ್ಯೂಗಲ್ ಪಂಪು ತಯಾರಿಸಿತು. ಲಕ್ಷ್ಮಣರಾವ್ ಕಿರ್ಲೋಸ್ಕರರ ಉದ್ಯಮ 1888ರಲ್ಲಿ ಬೆಳಗಾವಿಯಲ್ಲಿ ತೆರೆದ ಸೈಕಲ್ ಅಂಗಡಿಯಿಂದ ಬೆಳೆದದ್ದು. ಕಾರಿನ ಪಂಪು ಹೊಲದ ಆ ಪಂಪಿನ ಸಣ್ಣ ತಮ್ಮನೇ: ಇಂಪೆಲ್ಲರ್ ತಿರುಗಿ ನೀರನ್ನು ಹೊರಕ್ಕೆ ಎಸೆಯುತ್ತದೆ. ನೀರನ್ನು ಎಸೆಯಬಲ್ಲದು, ಗಾಳಿಯನ್ನಲ್ಲ. ‘ಪಂಪು ಗಾಳಿ ಹಿಡದೈತಿ’ ಎಂದರೆ ಏನೆಂದು ಧಾರವಾಡ ಸೀಮೆಯ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಮನೆಯಲ್ಲಿ ಕಟ್ಟಿದ ಕಾರಿನಲ್ಲೂ ಆಗುವುದು ಇದೇ. ರೇಡಿಯೇಟರಿನ ಬಾಯಿ ಎಂಜಿನ್ನಿಗಿಂತ ತಗ್ಗಿನಲ್ಲಿದ್ದರೆ ಸಿಲಿಂಡರ್ ಹೆಡ್‌ನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಹೊಸ ಪಂಪು ಹಾಕಿದರೂ ತಾಪಮಾಪಕದ ಸೂಜಿ ಕೆಂಪಿಗೇರುತ್ತದೆ. ನೀರು ತುಂಬುವ ಬಾಯಿಯನ್ನು ಇಡೀ ವ್ಯವಸ್ಥೆಯ ಎತ್ತರದ ಜಾಗದಲ್ಲಿಟ್ಟು, ಗಾಳಿ ಹೊರಬೀಳಲು ಒಂದು ಸ್ಕ್ರೂ ಕೊಟ್ಟರೆ ಮುಗಿಯಿತು.

ನಿಜಕ್ಕೂ ಪಂಪೇ ಕೆಟ್ಟಿದ್ದರೆ ಅದು ತಾನೇ ಹೇಳುತ್ತದೆ. ಶಾಫ್ಟಿನ ಸೀಲ್ ಮತ್ತು ಬೇರಿಂಗ್ ನಡುವೆ ಸಣ್ಣ ತೂತೊಂದಿರುತ್ತದೆ. ಸೀಲ್ ಸವೆದಾಗ ಬೇರಿಂಗ್‌ಗೆ ನುಗ್ಗುವ ಬದಲು ನೀರು ಅಲ್ಲಿಂದ ತೊಟ್ಟಿಕ್ಕಲಿ ಎಂದೇ ಬಿಟ್ಟದ್ದು. ಅದನ್ನು ಎಂ–ಸೀಲ್ ಹಚ್ಚಿ ಮುಚ್ಚುವ ಜಾಣರೂ ಇದ್ದಾರೆ. ಬೇರಿಂಗ್ ಹೋಗುವುದು ಆಗಲೇ. ತೂತು ಒಣಗಿದ್ದು ನೀರು ಮಾತ್ರ ಕಡಿಮೆಯಾಗುತ್ತಿದ್ದರೆ ಹೋಸ್ ಕ್ಲಿಪ್, ರೇಡಿಯೇಟರ್ ಬೆಸುಗೆ, ಮುಚ್ಚಳದ ರಬ್ಬರ್ ನೋಡಿ. ಎಲ್ಲವೂ ಸರಿಯಿದ್ದು ತುಂಬುವ ಬಾಯಲ್ಲಿ ಗುಳ್ಳೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನಪಡಿ.

ಸುಪ್ರಾದಂಥ ಫಾರ್ಮುಲಾ ಸ್ಟೂಡೆಂಟ್ ಮಾದರಿಯ ಸ್ಪರ್ಧೆಗಳ ನಿಯಮ ಕಟ್ಟುನಿಟ್ಟು: ಹಸಿರು ಕೂಲಂಟ್ ಇಲ್ಲ, ಬರೀ ನೀರು. ಕೂಲಂಟಿನಲ್ಲಿರುವ ಗ್ಲೈಕಾಲ್ ಟ್ರ್ಯಾಕಿಗೆ ಚೆಲ್ಲಿದರೆ ಹಿಂದೆ ಬರುವವನ ಟಯರು ಜಾರುತ್ತದೆ. ಕಾರನ್ನು 60 ಡಿಗ್ರಿ ವಾಲಿಸಿದಾಗಲೂ ಸೋರುವಂತಿಲ್ಲ. ಆ ನೀರೂ ಬೋರ್‌ವೆಲ್‌ನದಾಗದಿರಲಿ, ಗಡಸು ನೀರಿನ ಬಿಳಿ ಕಿಟ್ಟ ರೇಡಿಯೇಟರಿನ ಸಣ್ಣ ನಳಿಕೆಗಳನ್ನು ಕಟ್ಟಿಬಿಡುತ್ತದೆ. ಡಿಸ್ಟಿಲ್ಡ್ ವಾಟರ್ ತುಟ್ಟಿಯೇನಲ್ಲ.

ಇನ್ನೊಂದು ಮಾತು. ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿರುವ ಹುಬ್ಬಳ್ಳಿ–ಧಾರವಾಡದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಒಂದು ಬಾರ್‌ನಷ್ಟು ಒತ್ತಡ ಹಿಡಿದಿಟ್ಟರೆ 120ರ ಆಸುಪಾಸಿನವರೆಗೂ ಕುದಿಯದು. ಬಿಸಿ ಎಂಜಿನ್ನಿನ ಮುಚ್ಚಳ ತಿರುಗಿಸಿದ ಗಳಿಗೆಯಲ್ಲೇ ಆ ನೀರು ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳವನ್ನು ಮುಟ್ಟಬೇಡಿ.